ಚಿತ್ರವೂ ಒಂದು ದಾಖಲೆ: ಫೋಟೋ ಫೈಲುಗಳ ಬಗೆಗಳನ್ನು ಕುರಿತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಭಾಷಣ ಮಾಡಿ ಅಭ್ಯಾಸ ಇರುವವರಲ್ಲ. ಅಣ್ಣ ತಮ್ಮ ಇಬ್ಬರೂ ಸೇರಿ ಬಸ್‌ ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಮತ್ತು ಜೆರಾಕ್ಸ್ ಅಂಗಡಿ ನಡೆಸಿಕೊಂಡು ಬಂದವರು. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ, ರೇಷನ್ ಕಾರ್ಡಿಗೆ ಬೇಕಾದ ಸಣ್ಣ ಫೋಟೋ, ಇವೇ ನಮ್ಮ ಬದುಕು. ಕಾರ್ಯದರ್ಶಿಗಳು ಬಂದು "ಬೆಳ್ಳಿಹಬ್ಬಕ್ಕೆ ನೀವೂ ಒಂದು ವಿಷಯ ಮಾತಾಡಬೇಕು" ಅಂದಾಗ ನಮಗೆ ಗೊತ್ತಿರೋದು ಫೋಟೋ ಒಂದೇ, ಅದನ್ನೇ ಹೇಳ್ತೀವಿ ಅಂದೆವು. ಆದರೆ ಇವತ್ತು ಹೇಳಬೇಕೆಂದಿರುವುದು ಫೋಟೋ ತೆಗೆಯುವ ವಿಷಯವಲ್ಲ. ತೆಗೆದ ಮೇಲೆ ಅದು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಯಾವ ರೂಪದಲ್ಲಿ ಕೂತಿರುತ್ತದೆ, ಜೆಪೆಗ್, ಪಿಎನ್‌ಜಿ, ಟಿಫ್, ಪಿಡಿಎಫ್ ಎಂದು ಕೊನೆಗೆ ಅಂಟಿಕೊಂಡಿರುವ ಆ ಮೂರು ನಾಲ್ಕು ಅಕ್ಷರಗಳ ಅರ್ಥವೇನು, ಅದರಿಂದ ರೈತನಿಗೆ ಆಗುವ ಲಾಭ ನಷ್ಟ ಏನು ಎನ್ನುವುದು.

ರೈತನಿಗೂ ಇದಕ್ಕೂ ಏನು ಸಂಬಂಧ ಎಂದು ಮುಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ನಗುತ್ತಿದ್ದಾರೆ. ಮೊದಲು ನಮ್ಮ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ನಮ್ಮ ಅಂಗಡಿಗೆ ಬಂದರು. ಯಜಮಾನರು ತೀರಿಹೋಗಿದ್ದರು. ಹಳೆಯ ಕೈಬರಹದ ಮ್ಯುಟೇಶನ್ ನಕಲನ್ನು ಒಂದು ಸಾಲದ ಅರ್ಜಿಯ ಜೊತೆ ಕಂಪ್ಯೂಟರಿನಲ್ಲಿ ಸೇರಿಸಬೇಕಾಗಿತ್ತು. ಫೈಲು 100 ಕೆಬಿಗಿಂತ ಹೆಚ್ಚು ಇರಬಾರದು ಎಂದು ನಿಯಮ. ನಾವು ಸ್ಕ್ಯಾನ್ ಮಾಡಿದೆವು, ಫೈಲು ದೊಡ್ಡದಾಯಿತು, ಜೆಪೆಗ್‌ನಲ್ಲಿ ಕುಗ್ಗಿಸಿದೆವು. ಇನ್ನೂ ದೊಡ್ಡದು ಎಂದಿತು, ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದೆವು. ಕೊನೆಗೆ ಹೋಯಿತು. ಹೊರಗೆ ಜನ ಕಾಯುತ್ತಿದ್ದರು, ತೆರೆದು ಓದಿ ನೋಡಲಿಲ್ಲ. ಹಳೆಯ ಶಾನುಭೋಗರ ಬರವಣಿಗೆ, ಮಸುಕಾದ ಮಸಿ. ಹಿಸ್ಸಾ ನಂಬರಿನ 8 ಎನ್ನುವುದು ಎಡಗಡೆ ಅಳಿಸಿಹೋಗಿ 3ರ ಹಾಗೆ ಕಾಣುತ್ತಿತ್ತು. ಆ ಕಡೆ ಕೂತು ಓದಿದವರು ಕಂಡಿದ್ದನ್ನೇ ಓದಿದರು. ಆ ಹಿಸ್ಸಾ ಬೇರೆಯವರ ಹೆಸರಿನಲ್ಲಿತ್ತು, ಅರ್ಜಿ ವಾಪಸ್ ಬಂತು. ಸರಿಪಡಿಸಿ ಹಣ ಬರುವಷ್ಟರಲ್ಲಿ ಮುಂಗಾರು ಬಿತ್ತನೆ ಮುಗಿದಿತ್ತು. ಶೇಂಗಾ ಬೀಜಕ್ಕೆ ಆಯಮ್ಮ ಕೈಬಡ್ಡಿಗೆ ದುಡ್ಡು ತಂದಿದ್ದರು.

ಅಂಗಡಿಗೆ ಬಂದು ಬೈಯಲಿಲ್ಲ. "ಏನ್ ತಮ್ಮಾ, ನಮ್ಮನೇರು ದುಡಿದ ಹೊಲ ನಿನ್ ಮಿಷಿನ್ನಾಗೆ ಹೋಗಿ ಬೇರೇರ್ದಾತಲ್ಲಾ" ಅಂದರು, ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆವೋ ಏನೋ. ಆ ಮೇಲೆಯೇ ನಾವು ಈ ಫೈಲುಗಳ ಬಗ್ಗೆ ಕೂತು ಓದಿದ್ದು. ಹತ್ತಾರು ವರ್ಷ ಆ ಗುಂಡಿ ಒತ್ತುತ್ತಿದ್ದೆವು, ಅದು ಏನು ಮಾಡುತ್ತದೆ ಎಂದು ತಿಳಿದಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ಕಂಪ್ಯೂಟರಿಗೆ ಚಿತ್ರ ಎಂದರೆ ಚುಕ್ಕಿಗಳ ಲೆಕ್ಕ. ನಮ್ಮ ಹೆಣ್ಣುಮಕ್ಕಳು ಬಾಗಿಲಿಗೆ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಾರಲ್ಲ, ಆದರೆ ಇಲ್ಲಿ ಗೆರೆಯೇ ಇಲ್ಲ, ಬರೀ ಚುಕ್ಕಿ. ಇನ್ನೂ ಚೆನ್ನಾಗಿ ಹೇಳಬೇಕೆಂದರೆ ಮೊಳಕಾಲ್ಮೂರಿನ ಸೀರೆಯ ಅಂಚಿನ ಚಿತ್ತಾರವನ್ನು ನೇಯುವ ಮೊದಲು ಚೌಕುಳಿ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಒಂದೊಂದು ಮನೆಗೂ ಒಂದೊಂದು ಬಣ್ಣ. ದೂರದಿಂದ ನೋಡಿದರೆ ನವಿಲು, ಹತ್ತಿರ ಹೋದರೆ ಚೌಕ. ಆ ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಪ್ರತಿ ಚೌಕಕ್ಕೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಮೂರು ಅಂಕಿ ಬರೆದಿಟ್ಟರೆ ಬಣ್ಣದ ಚಿತ್ರ ಆಯಿತು.

ಲೆಕ್ಕ ಹಾಕಿ ನೋಡಿ. ಒಂದು ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಅಡ್ಡಕ್ಕೆ ಸುಮಾರು 2,480, ಉದ್ದಕ್ಕೆ ಸುಮಾರು 3,508 ಚುಕ್ಕಿ. ಗುಣಿಸಿದರೆ ಹತ್ತಿರ ಹತ್ತಿರ 87 ಲಕ್ಷ. ಒಂದಕ್ಕೆ ಮೂರು ಅಂಕಿ ಎಂದರೆ 2 ಕೋಟಿ 61 ಲಕ್ಷ ಬೈಟು, ಅಂದರೆ 26 ಎಂಬಿ. ಒಂದು ಹಾಳೆಗೆ! ನಮ್ಮ ಸಂಘದ ಒಂದು ಲೆಡ್ಜರಿಗೆ 200 ಹಾಳೆ ಎಂದುಕೊಂಡರೆ ಎರಡೂ ಮಗ್ಗುಲು ಸೇರಿ 10 ಸಾವಿರ ಎಂಬಿ ದಾಟುತ್ತದೆ. ಹೀಗೆ ಕುಗ್ಗಿಸದೆ ಇದ್ದ ಹಾಗೇ ಬರೆದಿಡುವ ಬಗೆಯೂ ಒಂದಿದೆ, ಬಿಎಂಪಿ ಎಂದು ಅದರ ಹೆಸರು. ನಾವು ಮೊದಲು ಕಂಪ್ಯೂಟರ್ ತಂದಾಗ ಅದರಲ್ಲೇ ಉಳಿಸಿ, ನಾಲ್ಕು ಮದುವೆಗೆ ಡಿಸ್ಕ್ ತುಂಬಿಹೋಗಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆವು.

ಹಾಗಾಗಿ ಕುಗ್ಗಿಸಲೇಬೇಕು. ಕುಗ್ಗಿಸುವುದರಲ್ಲಿ ಎರಡು ದಾರಿ. ಇದೊಂದನ್ನು ತಿಳಿದುಕೊಂಡರೆ ಮಿಕ್ಕಿದ್ದೆಲ್ಲಾ ತಾನಾಗಿಯೇ ತಿಳಿಯುತ್ತದೆ. ಎರಡೂ ದಾರಿ ನಮ್ಮ ಕಾರ್ಯದರ್ಶಿಗಳ ಮೇಜಿನ ಮೇಲೇ ಇವೆ.

ಮೊದಲನೆಯದು ಲೆಡ್ಜರಿನಲ್ಲಿ "ಸದರಿ" ಎಂದು ಬರೆಯುವ ದಾರಿ. ಒಂದೇ ಊರಿನ ನಲವತ್ತು ಜನರ ಹೆಸರು ಬರೆಯುವಾಗ ಊರಿನ ಹೆಸರನ್ನು ಮೊದಲ ಸಾಲಿನಲ್ಲಿ ಬರೆದು, ಕೆಳಗೆಲ್ಲಾ ಸದರಿ, ಸದರಿ ಎಂದು ಹಾಕುತ್ತಾರೆ. ಜಾಗ ಉಳಿಯಿತು, ಮಸಿ ಉಳಿಯಿತು, ಮಾಹಿತಿ ಒಂದು ಅಕ್ಷರವೂ ಹೋಗಲಿಲ್ಲ. ಯಾರು ಬೇಕಾದರೂ ಅದನ್ನು ಮತ್ತೆ ಪೂರ್ತಿಯಾಗಿ ಬಿಡಿಸಿ ಬರೆಯಬಹುದು. ಪಿಎನ್‌ಜಿ, ಜಿಫ್, ಸಾಮಾನ್ಯವಾಗಿ ಟಿಫ್ ಕೂಡ ಈ ಜಾತಿ. ಬಿಳಿ ಹಾಳೆಯಲ್ಲಿ ಸಾವಿರ ಚುಕ್ಕಿ ಸಾಲಾಗಿ ಬಿಳಿ ಇದ್ದರೆ ಸಾವಿರ ಸಲ ಬರೆಯುವುದಿಲ್ಲ, ಸದರಿ ಎಂದು ಒಂದು ಗುರುತು ಹಾಕುತ್ತದೆ.

ಎರಡನೆಯದು ಸಭೆಯ ನಡಾವಳಿ ಬರೆಯುವ ದಾರಿ. ಮೂರು ಗಂಟೆ ಸಭೆ ನಡೆಯುತ್ತದೆ, ಗೊಬ್ಬರದ ವಿಷಯಕ್ಕೆ ಒಬ್ಬರ ಮೇಲೆ ಒಬ್ಬರು ಎದ್ದು ಕೂಗಾಡುತ್ತಾರೆ, ಪುಸ್ತಕದಲ್ಲಿ ಬರುವುದು "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂಬ ಒಂದು ಸಾಲು. (ನಗು.) ಸಾರ ಇದೆ, ಕೆಲಸಕ್ಕೆ ಸಾಕು. ಆದರೆ ಆ ಒಂದು ಸಾಲಿನಿಂದ ಯಾರು ಏನು ಕೂಗಿದರು ಎಂದು ಮತ್ತೆ ಹುಟ್ಟಿಸಲಿಕ್ಕೆ ಬ್ರಹ್ಮನಿಂದಲೂ ಆಗುವುದಿಲ್ಲ. ಜೆಪೆಗ್ ಇದೇ ದಾರಿ. ಕಣ್ಣು ಅಷ್ಟಾಗಿ ಗಮನಿಸದ್ದನ್ನು ಬಿಟ್ಟು, ಸಾರವನ್ನು ಇಟ್ಟುಕೊಳ್ಳುತ್ತದೆ. ಬಿಟ್ಟಿದ್ದು ಹೋಯಿತು, ತಿರುಗಿ ಬರದು. ನಡಾವಳಿಯನ್ನು ನೋಡಿ ಇನ್ನೊಬ್ಬರು ನಡಾವಳಿ ಬರೆದರೆ ಹೇಗಾದೀತು? ಕುಗ್ಗಿಸಿದ ಜೆಪೆಗ್ಗನ್ನು ತಿದ್ದಿ ಮತ್ತೆ ಮತ್ತೆ ಕುಗ್ಗಿಸಿ ಉಳಿಸಿದರೆ ಹಾಗೆಯೇ. ಆ ತಾಯಿಯ ಕಾಗದಕ್ಕೆ ನಾವು ಮಾಡಿದ್ದು ಇದೇ.

ಹಾಗೆಂದು ಜೆಪೆಗ್ಗನ್ನು ಬೈಯಬಾರದು. ಅದರ ಹಿಂದೆ ನಮ್ಮ ನಾಡಿನವರ ತಲೆ ಇದೆ, ಇದನ್ನು ಎಲ್ಲರೂ ತಿಳಿಯಬೇಕು. ನಾಸಿರ್ ಅಹ್ಮದ್ ಎಂಬುವವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಈಗ ಯುವಿಸಿಇ ಎಂದು ಕರೆಯುವ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ, ಅಮೆರಿಕಕ್ಕೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. ಚಿತ್ರದ ಮಾಹಿತಿಯನ್ನು ಅಲೆಗಳ ರೂಪಕ್ಕೆ ತಿರುಗಿಸಿ ಕುಗ್ಗಿಸಬಹುದು ಎಂಬ ಯೋಚನೆ ಅವರಿಗೆ ಬಂದು, ಅದರ ಮೇಲೆ ಕೆಲಸ ಮಾಡಲು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಹಣ ಕೇಳಿದರು. ಅರ್ಜಿ ತಿರಸ್ಕಾರವಾಯಿತು. ಸಾಲದ ಅರ್ಜಿ ವಾಪಸ್ ಬಂದವರಿಗೆ ಈ ಸಂಕಟ ಗೊತ್ತು. ಅವರು ಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಕೆಲವೇ ಪುಟಗಳ ಲೇಖನ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದರ ಹೆಸರು. 1992ರಲ್ಲಿ ಜೆಪೆಗ್ ಎಂಬ ಅಂತರರಾಷ್ಟ್ರೀಯ ಮಾನಕ ಬಂದಾಗ ಅದರ ಹೃದಯದಲ್ಲಿ ಇದ್ದದ್ದು ಈ ಗಣಿತ. ಇವತ್ತು ಹಿರಿಯೂರಿನ ಸಂತೆಯಲ್ಲಿ ಮೊಮ್ಮಗಳು ಅಜ್ಜಿಯ ಫೋಟೋ ತೆಗೆದು ದುಬೈಗೆ ಕಳಿಸಿದರೆ ಅದು ಬಹುಮಟ್ಟಿಗೆ ಹೋಗುವುದು ಈ ಲೆಕ್ಕದ ಬೆನ್ನೇರಿ.

ಅದು ಕೆಲಸ ಮಾಡುವ ರೀತಿ ಹೀಗೆ. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಸಣ್ಣ ಸಣ್ಣ ಮಡಿಗಳಾಗಿ ವಿಂಗಡಿಸುತ್ತದೆ, ನಾವು ತರಕಾರಿಗೆ ಪಾತಿ ಮಾಡುವಂತೆ. ಒಂದು ಮಡಿಯಲ್ಲಿ 64 ಚುಕ್ಕಿ. ಅದರಲ್ಲಿ ನಿಧಾನವಾಗಿ ಬದಲಾಗುವ ಬೆಳಕು ಎಷ್ಟು, ಪಟಪಟನೆ ಬದಲಾಗುವ ಸಣ್ಣ ಗೆರೆ ಎಷ್ಟು ಎಂದು ಬೇರೆ ಬೇರೆ ತೂಗುತ್ತದೆ. ನಿಧಾನದ್ದನ್ನು ಉಳಿಸಿಕೊಂಡು, ಸಣ್ಣ ಏರಿಳಿತಗಳನ್ನು ಒರಟಾಗಿ ದುಂಡುಮಾಡಿಬಿಡುತ್ತದೆ. ಬಣ್ಣಕ್ಕೂ ಹಾಗೆಯೇ. ಮನುಷ್ಯನ ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ, ಆದ್ದರಿಂದ ಬಣ್ಣದ ಲೆಕ್ಕವನ್ನು ಇನ್ನೂ ಕಮ್ಮಿ ಇಡುತ್ತದೆ. ಆಕಾಶ, ಮುಖ, ಅಡಿಕೆ ತೋಟ, ಇಂಥವಕ್ಕೆ ಇದರಿಂದ ಏನೂ ತೊಂದರೆಯಿಲ್ಲ. 36 ಎಂಬಿ ಆಗಬೇಕಾದ ಮೊಬೈಲ್ ಫೋಟೋ 3-4 ಎಂಬಿಗೆ ಇಳಿದರೂ ನೀವು ನಾವು ಗುರುತಿಸಲಾರೆವು. ಆದರೆ ಅಕ್ಷರ ಎಂದರೆ ಏನು? ಬಿಳಿಯ ಮೇಲೆ ಪಟ್ಟನೆ ಬರುವ ಕಪ್ಪು ಗೆರೆ. ಅದು ಬಿಟ್ಟುಬಿಡುವುದು ಯಾವುದನ್ನೋ ಅದೇ ಅಕ್ಷರದ ಜೀವ. ಹಾಗಾಗಿ ಜೋರಾಗಿ ಕುಗ್ಗಿಸಿದ ಜೆಪೆಗ್‌ನಲ್ಲಿ ಅಕ್ಷರದ ಸುತ್ತ ಸೊಳ್ಳೆ ಕೂತ ಹಾಗೆ ಕಲೆ ಕಲೆ ಬರುತ್ತದೆ. ನಮ್ಮ ಕನ್ನಡದ ಒತ್ತು, ದೀರ್ಘ, ಸೊನ್ನೆಗಳಂತೂ ಮೊದಲು ಬಲಿಯಾಗುತ್ತವೆ.

ಇದಕ್ಕೆ ದೊಡ್ಡ ಉದಾಹರಣೆ ಬೇಕೆಂದರೆ ನಮ್ಮ ದುರ್ಗಕ್ಕೇ ಹೋಗೋಣ. ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆಯಲ್ಲ, ಎಲ್ಲರೂ ಪಿಕ್ನಿಕ್ಕಿಗೆ ಹೋದಾಗ ನೋಡಿದ್ದೀರಿ. ಕೆರೆಯ ವಿಷಯ ಇರುವ ಶಾಸನ ಅದು, ಅಂದರೆ ರೈತರ ಶಾಸನ ಅಂತಲೇ ಹೇಳಬಹುದು. ಮೂರೇ ಸಾಲು. 1929ರ ಮೈಸೂರು ಪುರಾತತ್ವ ಇಲಾಖೆಯ ವರದಿಯಲ್ಲಿ ಡಾ. ಎಂ.ಎಚ್. ಕೃಷ್ಣ ಅದನ್ನು ಓದಿ ಪ್ರಕಟಿಸಿದರು. ಮುಂದೆ ಬೇರೆ ವಿದ್ವಾಂಸರು, ನಮ್ಮ ಚಿತ್ರದುರ್ಗದ ಡಾ. ಬಿ. ರಾಜಶೇಖರಪ್ಪನವರೂ ಸೇರಿದಂತೆ, ಅದನ್ನು ಬೇರೆ ರೀತಿ ಓದಿದರು. ಮಯೂರಶರ್ಮ ಯಾವ ಯಾವ ರಾಜರನ್ನು ಗೆದ್ದ ಎನ್ನುವ ಇತಿಹಾಸವೇ ಆ ಓದಿನ ಮೇಲೆ ನಿಂತಿದೆ. ಸವೆದ ಕಲ್ಲು, ಯಾವುದು ಉಳಿಯ ಗೆರೆ, ಯಾವುದು ಬಂಡೆಯ ಬಿರುಕು ಎಂದು ಕಣ್ಣಿಗೆ ಕಣ್ಣಿಟ್ಟು ನೋಡಬೇಕು. ಅಂಥ ಕಲ್ಲಿನ ಫೋಟೋವನ್ನು ವಾಟ್ಸಪ್ಪಿನಲ್ಲಿ ನಾಲ್ಕು ಕೈ ದಾಟಿಸಿ ಬಂದ ಜೆಪೆಗ್‌ನಲ್ಲಿ ಓದಿದರೆ ಏನಾದೀತು? ಇದ್ದ ಗೆರೆ ಹೋಗಬಹುದು, ಇಲ್ಲದ ಗೆರೆ ಹುಟ್ಟಬಹುದು. ಆದ್ದರಿಂದ ಇಂಥ ಕೆಲಸಕ್ಕೆ ಟಿಫ್‌ನಲ್ಲಿ ಉಳಿಸಬೇಕು, ಇಲ್ಲವೇ ಕ್ಯಾಮರಾ ಕಂಡದ್ದನ್ನು ಕಂಡ ಹಾಗೆ ಬರೆದಿಡುವ ರಾ ಫೈಲನ್ನೇ ಇಟ್ಟುಕೊಳ್ಳಬೇಕು. ಟಿಫ್ ಎನ್ನುವುದು 1986ರಲ್ಲಿ ಆಲ್ಡಸ್ ಎಂಬ ಕಂಪನಿ ತಂದದ್ದು. ನಮ್ಮ ಪ್ರೆಸ್ಸಿನವರಿಗೆ ಪೇಜ್‌ಮೇಕರ್ ಕೊಟ್ಟ ಕಂಪನಿಯೂ ಅದೇ. ಇಂದಿಗೂ ಗ್ರಂಥಾಲಯ, ಪತ್ರಾಗಾರದವರು ಮೂಲಪ್ರತಿಯನ್ನು ಇಡಲು ಬಹಳವಾಗಿ ನಂಬಿರುವುದು ಇದನ್ನೇ.

ಪಿಎನ್‌ಜಿ ಹುಟ್ಟಿದ ಕತೆಯನ್ನು ಈ ವೇದಿಕೆಯಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ, ಯಾಕೆಂದರೆ ಅದು ಅಪ್ಪಟ ಸಹಕಾರಿ ಕತೆ. ಅದಕ್ಕೂ ಮೊದಲು ಜಿಫ್ ಎಂಬ ಬಗೆ ಇತ್ತು. 1987ರಲ್ಲಿ ಕಂಪ್ಯೂಸರ್ವ್ ಎಂಬ ಅಮೆರಿಕದ ಕಂಪನಿ ತಂದದ್ದು. ಒಂದು ಚಿತ್ರಕ್ಕೆ 256 ಬಣ್ಣವಷ್ಟೇ. ಈಗ ಬೆಳಗಾದರೆ ಮೊಬೈಲಿಗೆ ಬರುವ ಕುಣಿಯುವ ಹೂವು, ಮಿಣುಕುವ ದೀಪ ಇವೆಲ್ಲಾ ಜಿಫ್ ವಂಶದವು. ಎಲ್ಲರೂ ಬಳಸುತ್ತಿದ್ದರು. 1994ರ ಡಿಸೆಂಬರ್ ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಂದು ಪ್ರಕಟಣೆ ಬಂತು. ಜಿಫ್ ಒಳಗಿರುವ ಕುಗ್ಗಿಸುವ ಉಪಾಯದ ಪೇಟೆಂಟ್ ಯೂನಿಸಿಸ್ ಎಂಬ ಕಂಪನಿಯದು, ಜಿಫ್ ಬರೆಯುವ ತಂತ್ರಾಂಶ ಮಾಡುವವರು ಇನ್ನು ಹಣ ಕಟ್ಟಬೇಕು ಎಂದು. ಎಲ್ಲರೂ ನೀರು ಸೇದುತ್ತಿದ್ದ ಬಾವಿಗೆ ಬೀಗ ಬಿದ್ದ ಹಾಗಾಯಿತು. ಆಗ ಥಾಮಸ್ ಬೌಟೆಲ್ ಎಂಬುವವರು ಮುಂದಾಗಿ, ಬೇರೆ ಬೇರೆ ಊರುಗಳಲ್ಲಿದ್ದ ತಂತ್ರಜ್ಞರು 1995ರ ಜನವರಿಯಿಂದಲೇ ಪತ್ರವ್ಯವಹಾರದಲ್ಲಿ ಸೇರಿ, ಯಾರ ಪೇಟೆಂಟಿನ ಹಂಗೂ ಇಲ್ಲದ ಹೊಸ ಬಗೆಯೊಂದನ್ನು ರೂಪಿಸಿದರು. 1996ರ ಅಕ್ಟೋಬರ್‌ನಲ್ಲಿ ಪಿಎನ್‌ಜಿ ಅಧಿಕೃತವಾಗಿ ಹೊರಬಂತು. ಯಾರ ಸ್ವತ್ತೂ ಅಲ್ಲ, ಎಲ್ಲರ ಸ್ವತ್ತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಇದ್ದ ಬುದ್ಧಿ ಇದೇ ಅಲ್ಲವೇ? ಬಡ್ಡಿ ಕಟ್ಟಲಾರೆವು ಎಂದು ಅಳುತ್ತಾ ಕೂರುವ ಬದಲು ನಾವೇ ಒಂದು ಗಂಟು ಕಟ್ಟೋಣ ಎನ್ನುವುದು. ಜಿಫ್ ಪೇಟೆಂಟು 2003ರಲ್ಲಿ ಅಮೆರಿಕದಲ್ಲಿ ಮುಗಿದುಹೋಯಿತು, ಈಗ ಆ ಗಲಾಟೆ ಇಲ್ಲ. ಪಿಎನ್‌ಜಿ ಮಾತ್ರ ಉಳಿದುಕೊಂಡಿತು. ಲಾಂಛನ, ಸಹಿ, ನಕ್ಷೆ, ಅಕ್ಷರ ಇರುವ ಚಿತ್ರ, ಮೊಬೈಲಿನ ಸ್ಕ್ರೀನ್‌ಶಾಟ್, ಇವಕ್ಕೆಲ್ಲಾ ಅದು ಹೇಳಿ ಮಾಡಿಸಿದ್ದು.

ಪಿಡಿಎಫ್ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. "ಫೋಟೋ ಬ್ಯಾಡ ಕಣ್ರೀ, ಪಿಡಿಎಫ್ ಮಾಡಿ ಕೊಡ್ರಿ, ಅದು ಗಟ್ಟಿ" ಎಂದು ಬರುತ್ತಾರೆ. ಪಿಡಿಎಫ್ ಎನ್ನುವುದು ಚೀಲ. 1993ರಲ್ಲಿ ಅಡೋಬಿ ಕಂಪನಿ ಹೊಲಿದ ಚೀಲ, 2008ರಿಂದ ಅಂತರರಾಷ್ಟ್ರೀಯ ಮಾನಕ. ಚೀಲ ಗಟ್ಟಿ ಇದ್ದರೇನು, ಒಳಗೆ ಜಳ್ಳು ತುಂಬಿದರೆ ಜಳ್ಳೇ. ಮಸುಕಾದ ಜೆಪೆಗ್ಗನ್ನು ಪಿಡಿಎಫ್‌ಗೆ ಹಾಕಿದರೆ ಮಸುಕಾದ ಪಿಡಿಎಫ್ ಸಿಗುತ್ತದೆ. ಇನ್ನೊಂದು ಭೇದವನ್ನೂ ಇಲ್ಲೇ ಹೇಳಿಬಿಡುತ್ತೇವೆ. 2000ದ ಸುಮಾರಿನಲ್ಲಿ ಭೂಮಿ ಯೋಜನೆ ಬಂದು ತಾಲ್ಲೂಕು ಕಚೇರಿಯಿಂದ ಕಂಪ್ಯೂಟರ್ ಪಹಣಿ ಕೊಡಲು ಆರಂಭಿಸಿದರಲ್ಲ, ಅದು ಚಿತ್ರವಲ್ಲ, ಬೆರಳಚ್ಚು ಮಾಡಿ ತುಂಬಿದ ಅಕ್ಷರ ಮತ್ತು ಅಂಕಿ. ಹೆಸರು ಹಾಕಿ ಹುಡುಕಬಹುದು, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಆದರೆ ತುಂಬುವಾಗ ತಪ್ಪಿದರೆ ತಪ್ಪೇ ಅಚ್ಚಾಗಿ ಬರುತ್ತದೆ. ಹಳೆಯ ಕೈಬರಹದ ಪುಸ್ತಕದ ಸ್ಕ್ಯಾನ್ ಎನ್ನುವುದು ಚಿತ್ರ. ಅದರಲ್ಲಿ ಹುಡುಕಲಾಗದು, ಆದರೆ ಬರೆದವರ ಕೈ ಅದರಲ್ಲಿದೆ, ತಕರಾರು ಬಂದಾಗ ಸಾಕ್ಷಿ ಅದೇ. 2024ರಲ್ಲಿ ರಾಜ್ಯ ಸರ್ಕಾರ ಭೂ ಸುರಕ್ಷಾ ಎಂದು ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸಲು ಹೊರಟದ್ದು ಈ ಎರಡನೆಯ ಕೆಲಸ. ಎರಡೂ ಬೇಕು, ಒಂದು ಇನ್ನೊಂದರ ಬದಲಿಗೆ ಅಲ್ಲ.

ಈಗ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಸಂಗತಿ. ನಾವು ಯಾವ ಯಂತ್ರದಲ್ಲಿ ನಕಲು ತೆಗೆದರೂ ಜೆರಾಕ್ಸ್ ಅನ್ನುತ್ತೇವೆ, ಇದು ನಿಜವಾದ ಜೆರಾಕ್ಸ್ ಕಂಪನಿಯ ಯಂತ್ರದ ಕತೆ. 2013ರಲ್ಲಿ ಜರ್ಮನಿಯಲ್ಲಿ ಒಂದು ಕಟ್ಟಡದ ನಕ್ಷೆಯನ್ನು ಸ್ಕ್ಯಾನ್ ಮಾಡಿದರು. ಮೂಲದಲ್ಲಿ ಮೂರು ಕೋಣೆಗಳ ಅಳತೆ 14.13, 21.11, 17.42 ಚದರ ಮೀಟರ್ ಎಂದಿತ್ತು. ಸ್ಕ್ಯಾನಿನಲ್ಲಿ ಮೂರಕ್ಕೂ 14.13 ಎಂದೇ ಬಂತು! ಮಸುಕಿಲ್ಲ, ಕಲೆಯಿಲ್ಲ, ನೀಟಾಗಿ, ಸ್ಪಷ್ಟವಾಗಿ ತಪ್ಪು ಅಂಕಿ. ಡೇವಿಡ್ ಕ್ರೀಸಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಬೆನ್ನು ಹತ್ತಿ ಕಾರಣ ಕಂಡುಹಿಡಿದರು. ಜೇಬಿಗ್-2 ಎಂಬ ಕುಗ್ಗಿಸುವ ಪದ್ಧತಿಯಲ್ಲಿ, ಹಾಳೆಯ ಮೇಲೆ ಒಂದೇ ಥರ ಕಾಣುವ ತುಣುಕುಗಳಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆ ಅದನ್ನೇ ಅಂಟಿಸುತ್ತದೆ. ಸಣ್ಣ ಅಕ್ಷರದಲ್ಲಿ 6ನ್ನೂ 8ನ್ನೂ ಒಂದೇ ಎಂದುಕೊಂಡರೆ ಮುಗಿಯಿತು. ಕಂಪನಿ ಆಮೇಲೆ ತಂತ್ರಾಂಶ ಸರಿಪಡಿಸಿ ಕೊಟ್ಟಿತು. "ಸದರಿ" ಹಾಕುವ ಗುಮಾಸ್ತ ಒಳ್ಳೆಯವನೇ, ಆದರೆ ಕಣ್ಣು ಮಂಜಾಗಿ ಬೇರೆ ಹೆಸರಿಗೂ ಸದರಿ ಹಾಕಿಬಿಟ್ಟರೆ? ಜೆಪೆಗ್ ಕೆಟ್ಟರೆ ಕೆಟ್ಟದ್ದು ಕಣ್ಣಿಗಾದರೂ ಕಾಣುತ್ತದೆ. ಇದು ಕಾಣುವುದೂ ಇಲ್ಲ. ಸಂಘದ ಷೇರು ಪುಸ್ತಕದಲ್ಲಿ 600 ಇದ್ದದ್ದು 800 ಆದರೆ ಅಧ್ಯಕ್ಷರೇ, ಯಾರನ್ನು ಕೇಳುತ್ತೀರಿ?

ಈ ಮಾತನ್ನು ಯಾಕೆ ಒತ್ತಿ ಹೇಳುತ್ತೇವೆಂದರೆ, 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲು ಒಪ್ಪಿಗೆ ಕೊಟ್ಟ ಮೇಲೆ ಎಲ್ಲಾ ಕಡೆ ಲೆಡ್ಜರು ಬಿಟ್ಟು ಕಂಪ್ಯೂಟರಿಗೆ ಹೋಗುವ ಮಾತು. ಹೋಗಲಿ, ಒಳ್ಳೆಯದೇ. ಆದರೆ "ಸ್ಕ್ಯಾನ್ ಆಯ್ತಲ್ಲ, ಇನ್ಯಾಕೆ ಈ ಧೂಳು" ಎಂದು ಹಳೆಯ ಪುಸ್ತಕಗಳನ್ನು ರದ್ದಿಗೆ ತೂಗಿದ ಸಂಗತಿಗಳು ಅಲ್ಲಲ್ಲಿ ಕಿವಿಗೆ ಬಿದ್ದಿವೆ. ನಮ್ಮ ಸಂಘದ ಆಡಳಿತ ಮಂಡಳಿಯಲ್ಲಿ ನಮ್ಮ ವಿನಂತಿ ಇಷ್ಟು. ಪುಸ್ತಕ ಇರಲಿ. ಸ್ಕ್ಯಾನ್ ಮಾಡಿಸುವಾಗ ಅಂಗುಲಕ್ಕೆ 300ಕ್ಕೆ ಕಮ್ಮಿ ಬೇಡ. ಮೂಲಪ್ರತಿ ಟಿಫ್ ಅಥವಾ ಪಿಎನ್‌ಜಿಯಲ್ಲಿ ಇರಲಿ, ಇಲ್ಲವೇ ಬಹುಕಾಲ ಇಡುವುದಕ್ಕೆಂದೇ 2005ರಲ್ಲಿ ಬಂದ ಪಿಡಿಎಫ್-ಎ ಎಂಬ ಬಗೆಯಲ್ಲಿ, ಒಳಗಿನ ಚಿತ್ರವನ್ನು ಜೋರಾಗಿ ಕುಗ್ಗಿಸದೆ ಇರಲಿ. ದಿನಬಳಕೆಗೆ, ಕಳಿಸುವುದಕ್ಕೆ ಅದರಿಂದ ಸಣ್ಣ ಜೆಪೆಗ್ ತೆಗೆದುಕೊಳ್ಳಿ. ಸಣ್ಣದರಿಂದ ಸಣ್ಣದು ತೆಗೆಯಬೇಡಿ, ಪ್ರತಿ ಸಲವೂ ಮೂಲದಿಂದಲೇ. ಸ್ಕ್ಯಾನ್ ಮಾಡಿದವರು ಬಿಟ್ಟು ಇನ್ನೊಬ್ಬರು ಪುಸ್ತಕ ಪಕ್ಕಕ್ಕಿಟ್ಟುಕೊಂಡು ಅಂಕಿ ತಾಳೆ ನೋಡಲಿ. ಸ್ಕ್ಯಾನಿನ ಪ್ರತಿ ಸಂಘದಲ್ಲೊಂದು, ಬೇರೆ ಊರಿನಲ್ಲೊಂದು ಇರಲಿ. ನಮ್ಮ ಅಂಗಡಿಯ ಮೇಲೆ ಒಂದು ಮಳೆಗಾಲ ಹೆಂಚು ಒಡೆದು ಎರಡು ವರ್ಷದ ಮದುವೆ ಸಿಡಿಗಳು ಹೋದವು, ಆ ದಂಪತಿಗಳಿಗೆ ಇನ್ನೂ ಮುಖ ಕೊಟ್ಟು ಮಾತಾಡಲು ಆಗಿಲ್ಲ.

ಸದಸ್ಯರು ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಸುಲಭ. ವಾಟ್ಸಪ್ಪಿನಲ್ಲಿ ಫೋಟೋವನ್ನು ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತದೆ. 2023ರಲ್ಲಿ ಎಚ್‌ಡಿ ಎಂಬ ಆಯ್ಕೆ ಕೊಟ್ಟರು, ಅದು ವಾಸಿ, ಆದರೂ ಪೂರ್ತಿ ಮೂಲವಲ್ಲ. ಕ್ಲಿಪ್ಪಿನ ಗುರುತು ಒತ್ತಿ ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಬೆಂಗಳೂರಿನಿಂದ ಐಫೋನ್ ಹಿಡಿದು ಬರುವ ಮಕ್ಕಳು ಮೊಮ್ಮಕ್ಕಳ ಫೋಟೋ ನಮ್ಮ ಕಂಪ್ಯೂಟರಿನಲ್ಲಿ ಕೆಲವೊಮ್ಮೆ ತೆರೆಯುವುದೇ ಇಲ್ಲ. ಫೈಲು ಕೆಟ್ಟಿದೆ ಎಂದು ಹೆದರಬೇಡಿ. 2017ರಿಂದ ಆ ಫೋನುಗಳು ಹೀಕ್ ಎಂಬ ಹೊಸ ಬಗೆಯಲ್ಲಿ ಉಳಿಸುತ್ತವೆ, ಜೆಪೆಗ್‌ನ ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ. ಅದನ್ನು ಜೆಪೆಗ್‌ಗೆ ತಿರುಗಿಸಿದರೆ ಆಯಿತು. ವೆಬ್‌ಪಿ ಎಂಬುದೂ ಒಂದಿದೆ, 2010ರಲ್ಲಿ ಗೂಗಲ್‌ನವರು ತಂದದ್ದು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡಾಗ ಸಿಗುತ್ತದೆ, ಅದರ ಗೊಡವೆ ನಮಗೆ ಅಷ್ಟಾಗಿ ಬೇಡ. ಇನ್ನು ಅರ್ಜಿಗೆ 50 ಕೆಬಿ, 100 ಕೆಬಿ ಎಂದು ಕೇಳಿದಾಗ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ, ಸುತ್ತಲಿನ ಖಾಲಿ ಅಂಚು ಕತ್ತರಿಸಿ, ಆಮೇಲೆ ಕುಗ್ಗಿಸಲು ಹೇಳಿ. ಹಾಳೆಯ ಬದಲು ಹಾಸಿಗೆ, ಮಂಚ, ಕಾಲಿನ ಬೆರಳು ಎಲ್ಲಾ ಇರುವ ಫೋಟೋ ಕಳಿಸಿದರೆ ಆ 100 ಕೆಬಿಯಲ್ಲಿ ಅರ್ಧ ಮಂಚಕ್ಕೇ ಹೋಗುತ್ತದೆ. ಕಳಿಸುವ ಮೊದಲು ಅಂಗಡಿಯವನನ್ನು ಕೂರಿಸಿಕೊಂಡು ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ಖಾತೆ ನಂಬರು ಇಷ್ಟನ್ನು ಗಟ್ಟಿಯಾಗಿ ಓದಿಸಿ. ನಮ್ಮನ್ನೂ ಓದಿಸಿ, ನಾವು ಬೇಜಾರು ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ ಈ ಸ್ಮರಣ ಸಂಚಿಕೆಯ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಈ ಸಭೆಯಲ್ಲಿರುವವರಲ್ಲಿ ಅರ್ಧ ಜನ ಹಿರಿಯೂರಿಗೆ ಓಡಿಹೋಗಿ ಫೋಟೋ ತೆಗೆದಿರಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷದ ಮೇಲೆ. ಸಂಚಿಕೆಗೆ ಒಂದು ಒಳ್ಳೆಯ ಚಿತ್ರ ಬೇಕು ಎಂದು ಕೇಳಿದಾಗ ನಮ್ಮ ಕೈಗೆ ಬಂದ ಚಿತ್ರಗಳಲ್ಲಿ ಹೆಚ್ಚಿನವು ವಾಟ್ಸಪ್ಪಿನಲ್ಲಿ ಹತ್ತು ಕಡೆ ಸುತ್ತಿ ಬಂದವು. ಮೊಬೈಲಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಆದರೆ ಆರು ಅಂಗುಲ ಅಗಲಕ್ಕೆ ಅಚ್ಚು ಹಾಕಬೇಕೆಂದರೆ ಅಂಗುಲಕ್ಕೆ 300ರಂತೆ 1,800 ಚುಕ್ಕಿ ಬೇಕು, ಇವುಗಳಲ್ಲಿ ಕೆಲವಕ್ಕೆ 700 ಕೂಡ ಇರಲಿಲ್ಲ. ತೆಗೆದವರ ಫೋನಿನಲ್ಲಿ ಮೂಲ ಇದೆಯೇ ಎಂದು ಕೇಳಿದರೆ "ಜಾಗ ತುಂಬ್ತು ಅಂತ ಅಳಿಸ್ಬಿಟ್ಟೆ ಅಣ್ಣಾ" ಅಂದರು. ನೀರು ಮತ್ತೆ ಬಂದೀತು, ಆ ದಿನ ಬರುವುದಿಲ್ಲ.

ಅದಕ್ಕೆ ವಿರುದ್ಧವಾದದ್ದು ನಮ್ಮ ಸಂಘದ ಮೊದಲ ಸಭೆಯ ಫೋಟೋ. 25 ವರ್ಷದ ಹಿಂದೆ ಗುಡಿಯ ಜಗಲಿಯ ಮೇಲೆ ಸೇರಿದ್ದ ಪ್ರವರ್ತಕರ ಗುಂಪು. ಅಂದು ತೆಗೆದವರು ನಾವೇ, ರೀಲ್ ಕ್ಯಾಮರಾದಲ್ಲಿ. ಕಚೇರಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದ ಪ್ರತಿ ಗೆದ್ದಲು ಹಿಡಿದು ಹೋಗಿತ್ತು. ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿರುವುದು ಆ ಕಟ್ಟಿನ ಗಾಜಿನ ಮೇಲಿಂದ ತೆಗೆದ ಫೋಟೋ, ಟ್ಯೂಬ್‌ಲೈಟ್ ಬೆಳಕು ಹೊಡೆದು ಹಿಂದಿನ ಸಾಲಿನ ಮೂವರ ಮುಖವೇ ಇಲ್ಲ. ಆ ಮೂವರಲ್ಲಿ ಇಬ್ಬರು ಈಗ ಬದುಕಿಲ್ಲ. ಹೋದ ತಿಂಗಳು ಅಂಗಡಿಯ ಅಟ್ಟ ಹುಡುಕಿದಾಗ ಬೆಣ್ಣೆ ಕಾಗದದ ಲಕೋಟೆಯಲ್ಲಿ ನೆಗೆಟಿವ್ ಸಿಕ್ಕಿತು. ಅದನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ ಟಿಫ್‌ನಲ್ಲಿ ಉಳಿಸಿದ್ದೇವೆ. ಹಿಂದಿನ ಸಾಲಿನಲ್ಲಿ ಎಡಗಡೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ನಿಂತಿರುವವರು ಯಾರೆಂದು ಈ ಸಂಚಿಕೆಯ ಮೊದಲ ಪುಟದಲ್ಲಿ ನೋಡಿ. ಅವರ ಮಗಳು ಇವತ್ತು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನೆಗೆಟಿವ್ ಮತ್ತು ಫೈಲು ಎರಡನ್ನೂ ಈಗಲೇ ಅಧ್ಯಕ್ಷರ ಕೈಗೆ ಒಪ್ಪಿಸುತ್ತಿದ್ದೇವೆ.

ಇನ್ನು ಯಾರ ಮನೆಯಲ್ಲಿ ಸಂಘಕ್ಕೆ, ಊರಿಗೆ, ಕೆರೆಗೆ ಸಂಬಂಧಪಟ್ಟ ಹಳೆಯ ಫೋಟೋ ಇವೆಯೋ ಅವರು ಮುಂದಿನ ಎರಡು ಭಾನುವಾರ ಸಂಘದ ಕಚೇರಿಗೆ ತನ್ನಿರಿ, ದುಡ್ಡು ತೆಗೆದುಕೊಳ್ಳದೆ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡುತ್ತೇವೆ. ಆಲ್ಬಂನಿಂದ ಕಿತ್ತು ತರಬೇಡಿ, ಆಲ್ಬಂ ಸಮೇತ ತನ್ನಿ. ಹಿಂದೆ ಏನಾದರೂ ಬರೆದಿದ್ದರೆ ಅದನ್ನೂ ಸ್ಕ್ಯಾನ್ ಮಾಡುತ್ತೇವೆ. ಕರೆಂಟು ಬೆಳಗ್ಗೆ ಇರುತ್ತದೆ, ಹತ್ತು ಗಂಟೆಯೊಳಗೆ ಬಂದರೆ ಒಳ್ಳೆಯದು.